ಕೆಮ್ಮಿನ ಕಿಂಡಿ

ನಿಜ್ವಾ ದಾಟಿ ಬೆಟ್ಟದ ಬುಡಕ್ಕೆ ತಿರುಗಿದರೆ
ನಾವು ರಿಪೇರಿಗೆ ಬಂದ ಕೋಟೆ.
ಸಿಮೆಂಟು ಇಲ್ಲಿ ಮುಟ್ಟುವಂತಿಲ್ಲ. ಸುಟ್ಟ ಮಣ್ಣು, ಸುಣ್ಣ,
ನೆನೆಹಾಕಿ, ಬಡಿದು, ಬಳಿಯಬೇಕು.
ಗಾರೆಗೆ ನಾನು, ಉಪ್ಪಿನಂಗಡಿಯ ಐತಪ್ಪ.
ಅಟ್ಟಣಿಗೆ ಹಿಡಿಯಲು ಹಮೀದಬ್ಬ.

ತೀರ್ಪಿನ ಕೋಣೆಯಲ್ಲಿ ಸಿಂಹಾಸನವಿಲ್ಲ.
ಮೊಣಕಾಲೆತ್ತರದ ಒಂದು ಜಗಲಿ,
ಬೆನ್ನು ತಾಗಿ ತಾಗಿ ನುಣುಪಾದ ಗೋಡೆ.
ಆ ನುಣುಪು ಕೆರೆಯುವಾಗ, ಕಿವಿಯ ಮಟ್ಟದಲ್ಲಿ,
ಕರಣೆಯ ತುದಿ ಒಳಕ್ಕೆ ಹೋಯಿತು.
ಹೆಬ್ಬೆರಳು ಹಿಡಿಸುವ ಕಿಂಡಿ.
ಆಚೆ ಒಬ್ಬನೇ ಕೂರಬಹುದಾದ ಕತ್ತಲೆ.

"ಗುಂಡು ಹಾರಿಸಲಿಕ್ಕೋ?" ಎಂದೆ.
ಕಾವಲಿನ ಖಲ್ಫಾನ್ ನಕ್ಕ. ಹಲ್ಲಿಲ್ಲದ ಬಾಯಿ,
ಸೊಂಟದಲ್ಲಿ ಕಠಾರಿ ಇರಬೇಕಾದಲ್ಲಿ
ಸಕ್ಕರೆ ಕಾಯಿಲೆಯ ಮಾತ್ರೆ ಡಬ್ಬಿ.
"ಕೆಮ್ಮಲಿಕ್ಕೆ" ಎಂದ.

ಇಮಾಮರಲ್ಲಿ ಎರಡು ಬಗೆಯಂತೆ.
ಶಾಸ್ತ್ರ ಅರೆದು ಕುಡಿದವನಾದರೆ ತೀರ್ಪು ಅವನದೇ.
ಓದು ಸಾಲದೆಯೂ ಊರು ನಂಬಿ ಕೂರಿಸಿದವನು ದಯೀಫ್,
ಬಲ ಸಾಲದವನು.
ಸೈನ್ಯ ಅವನದು, ಖಜಾನೆಯ ಬೀಗದಕೈ ಅವನದು,
ನಮಾಜಿಗೆ ಎಲ್ಲರ ಮುಂದೆ ನಿಲ್ಲುವ ಜಾಗ ಅವನದು,
ಆದರೆ ಹಿರಿಯರನ್ನು ಕೇಳದೆ
ಒಂದು ಕತ್ತೆಯ ಕ್ರಯವನ್ನೂ ಇತ್ಯರ್ಥ ಮಾಡುವಂತಿಲ್ಲ.

ಅಂಥವನೊಬ್ಬ ಇಲ್ಲಿ ಕೂತಿದ್ದನಂತೆ,
ಹೆಸರು ಖಲ್ಫಾನನಿಗೂ ಗೊತ್ತಿಲ್ಲ.
ಕಿಂಡಿಯ ಹಿಂದೆ ಮುದುಕ ಗುರು.
ಒಂದು ಕೆಮ್ಮು: ತಡೆ.
ಎರಡು: ಇನ್ನೊಮ್ಮೆ ವಿಚಾರಿಸು.
ಮೂರು ಕೆಮ್ಮಿದರೆ, ಹೇಳಿಬಿಡು.
ಹೊರಗೆ ನಿಂತವರಿಗೆ
ಗೋಡೆಗೇ ನೆಗಡಿ ಎಂದು ಲೆಕ್ಕ.

ಒಂದು ದಿನ ನೀರಿನ ಜಗಳ.
ವಿಧವೆ ನಸ್ರಾಳ ನಿಂಬೆ ತೋಟಕ್ಕೆ ಸೇರಬೇಕಾದ
ಕಾಲುವೆಯ ಅರ್ಧ ಗಳಿಗೆ
ಖರ್ಜೂರದ ವ್ಯಾಪಾರಿಯ ಕಡೆ ಹರಿಯುತ್ತಿತ್ತು.
ತೂಬಿನ ಕಲ್ಲು ಸರಿಸಿದ ಕೈಯನ್ನು
ಬೆಳಗಿನ ಜಾವ ಇಮಾಮ ಕಣ್ಣಾರೆ ಕಂಡಿದ್ದ.
ಕಂಡರೇನು? ಕೆಮ್ಮಿಗೆ ಕಾದ.
ಮಧ್ಯಾಹ್ನದ ನಮಾಜು ಮುಗಿದು
ಬಾಗಿಲ ನೆರಳು ನಸ್ರಾಳ ಪಾದ ದಾಟಿ ಹೋಗುವವರೆಗೂ ಕಾದ.
ಕಿಂಡಿಯಾಚೆ ಗುರು
ಕೂತಲ್ಲೇ ತೀರಿಕೊಂಡಿದ್ದ.

ಹೊಸ ಗುರುವನ್ನು ಒಪ್ಪಲು ಹಿರಿಯರಿಗೆ ನಲವತ್ತು ದಿನ.
ನಿಂಬೆ ಗಿಡ ಕಾಯುತ್ತದೆಯೇ?

ಕತ್ತಲಾದ ಮೇಲೆ ಅವನೇ ಹೋದನಂತೆ,
ತೊಗಲ ಚೀಲದಲ್ಲಿ
ತಾನು ಕೈಕಾಲು ತೊಳೆಯುವ ಪಾಲಿನ ನೀರು ಹೊತ್ತು.
ನೀರು ಹೊರಲು ಯಾರ ಕೆಮ್ಮೂ ಬೇಡ
ಅಂದುಕೊಂಡನೋ ಏನೋ.
ಏಳನೆಯ ರಾತ್ರಿ ಹೆಜ್ಜೆಯ ಹಸಿ ಗುರುತು ಸಿಕ್ಕಿತು.
ಹಿರಿಯರು ನೆರೆದರು:
"ನೀನು ಎರೆದದ್ದು ನೀರಲ್ಲ, ತೀರ್ಪು."
ಅವನು ವಾದಿಸಲಿಲ್ಲ.
ಬೀಗದಕೈ ಗೊಂಚಲು ಈ ಜಗಲಿಯ ಮೇಲಿಟ್ಟು
ಬಾಗಿಲಲ್ಲಿ ಚಪ್ಪಲಿ ಹುಡುಕಿದ.

"ಗಿಡ ಉಳಿಯಿತೋ?" ಎಂದೆ.
"ಬೆಟ್ಟದ ಮೇಲಿನವರು ಉಳಿಯಿತು ಅನ್ನುತ್ತಾರೆ" ಎಂದ ಖಲ್ಫಾನ್,
"ಕೆಳಗಿನವರು ಗಿಡವೇ ಇರಲಿಲ್ಲ ಅನ್ನುತ್ತಾರೆ."

ನಮ್ಮಲ್ಲೂ ಗಡಿ ಹಿಡಿದ ಗುತ್ತಿನ ಯಜಮಾನ
ದೈವ ನುಡಿ ಕೊಡುವಾಗ ಸೊಂಟ ಬಗ್ಗಿಸುತ್ತಾನೆ.
ದೊಂದಿ ಹಿಡಿದು ನಿಂತ ನನ್ನಜ್ಜ ಅದನ್ನು ಕಂಡಿದ್ದ.
ಆ ನುಡಿಯ ಹಿಂದೆ ಕೆಮ್ಮುವವರು ಯಾರೆಂದು
ಅಜ್ಜ ಕೇಳಲಿಲ್ಲ. ಕೇಳಬಾರದು ಎಂದೇ
ದೊಂದಿ ಅವನ ಕೈಗೆ ಕೊಟ್ಟಿದ್ದರೋ.

ಎಂಜಿನಿಯರನ ನಕ್ಷೆಯಲ್ಲಿ ಕಿಂಡಿಯಿಲ್ಲ.
ಗುರುವಾರದೊಳಗೆ ಮುಚ್ಚು, ಎಂದು ಫೋನು.
ಗಾರೆ ಕಲಸಿಟ್ಟೆ. ಮುಚ್ಚುವ ಮೊದಲು
ಹಮೀದಬ್ಬನನ್ನು ಆಚೆ ಕೂರಿಸಿ
ಜಗಲಿಯ ಮೇಲೆ ನಾನು ಕೂತೆ, ಚಕ್ಕಳ ಬಕ್ಕಳ,
ಮಂಡಿಯ ಮೇಲೆ ಸುಣ್ಣದ ಕೈ.
"ಮೂರು ತಿಂಗಳ ಸಂಬಳ ಬಾಕಿ.
ಮೊಹರು ಹಾಕಿದ ಅರ್ಜಿ ಕೊಡಲೋ, ಸುಮ್ಮನಿರಲೋ?"

ಕಿಂಡಿಯಿಂದ ಕೆಮ್ಮು ಬಂತು.
ನಾಟಕದ್ದಲ್ಲ, ಎದೆಯದು, ವರ್ಷದ ಧೂಳಿನದು.
ಒಂದು, ಎರಡು, ಮೂರು,
ಆಮೇಲೆ ನಿಲ್ಲಲೇ ಇಲ್ಲ.